ನೈಟ್ ಶಿಫ್ಟ್, ಪಿಜಿ, ಬೆಂಗಳೂರು: ಇದರ ನಡುವೆ ಕ್ಯಾಥೋಲಿಕನಾಗಿ ಬದುಕೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರಲ್ಲಿದ್ದಾಗ ಚರ್ಚಿನ ಗಂಟೆ ಹೊಡೆದರೆ ಮನೆಯವರೆಲ್ಲ ಪೂಜೆಗೆ (ಮಾಸ್‌ಗೆ) ಹೊರಡುತ್ತಿದ್ದಿರಿ. ಈಗ ಬೆಂಗಳೂರಿನ ಪಿಜಿಯಲ್ಲಿದ್ದೀರಿ, ನೈಟ್ ಶಿಫ್ಟ್, ಭಾನುವಾರ ಎದ್ದೇಳುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಆಫೀಸಿನಲ್ಲಿ ಕ್ರೈಸ್ತ ಅಂತ ಹೇಳಿಕೊಳ್ಳುವುದಕ್ಕೂ ಹಿಂಜರಿಕೆ. ಈ ಕಾಲದಲ್ಲಿ ಕ್ಯಾಥೋಲಿಕನಾಗಿ ಬದುಕುವುದು ನಿಜವಾಗಿ ಸಾಧ್ಯವಾ ಅಂತ ಕೇಳಿದ್ದೀರಿ.

ಸಾಧ್ಯ. ಆದರೆ ಒಬ್ಬರೇ ಮಾಡಲು ಹೋದರೆ ಆಗುವುದಿಲ್ಲ.

ಊರಿನಲ್ಲಿ ನಾವು ಯಾರೂ ವಿಶ್ವಾಸವನ್ನು ಹುಡುಕಿಕೊಂಡು ಹೋದವರಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂದರೆ ಅಮ್ಮ ಶುಕ್ರವಾರ ಮಾಂಸ ಮಾಡುತ್ತಿರಲಿಲ್ಲ, ಸಂಜೆ ಶಿಲುಬೆಹಾದಿಯ ಪ್ರಾರ್ಥನೆಗೆ ಹೋಗುತ್ತಿದ್ದೆವು, ಅಕ್ಟೋಬರ್ ಬಂದರೆ ಮನೆಯಿಂದ ಮನೆಗೆ ಜಪಸರದ ಪ್ರಾರ್ಥನೆ, ಹಬ್ಬಕ್ಕೆ ತೇರು, ಯಾರಾದರೂ ತೀರಿಕೊಂಡರೆ ಕೇರಿಯವರೆಲ್ಲ ಬಂದು ರಾತ್ರಿಯಿಡೀ ಪ್ರಾರ್ಥನೆ. ಇಡೀ ಊರೇ ನಮ್ಮನ್ನು ಹಿಡಿದು ನಡೆಸುತ್ತಿತ್ತು. ಬೆಂಗಳೂರಿಗೆ ಬಂದಾಗ ಆ ಕೈ ಬಿಟ್ಟುಹೋಗುತ್ತದೆ. ಆಮೇಲೆ ನಮ್ಮದೇ ವಿಶ್ವಾಸ ಕಡಿಮೆಯಾಯಿತೇನೋ ಅಂತ ಕೊರಗುತ್ತೇವೆ. ನೀವೂ ಅದನ್ನೇ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನಿಮಗೆ ಜನ ಇಲ್ಲ, ಅಷ್ಟೇ. ಜನರನ್ನು ಹುಡುಕಿಕೊಳ್ಳಬೇಕು.

ಮೊದಲು ಭಾನುವಾರದ ವಿಷಯ ಮುಗಿಸಿಬಿಡುತ್ತೇನೆ. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ಪೂರೈಸಿದಂತೆಯೇ. ಇದು ಯಾರೋ ಕೊಟ್ಟ ರಿಯಾಯಿತಿ ಅಲ್ಲ, ಧರ್ಮಸಭೆಯ (ಕ್ಯಾಥೋಲಿಕ್ ಚರ್ಚಿನ) 1983ರ ಕಾನೂನಿನಲ್ಲೇ ಇದೆ. ನಗರದ ಬಹಳಷ್ಟು ಚರ್ಚುಗಳಲ್ಲಿ ಭಾನುವಾರ ಸಂಜೆಯೂ ಪೂಜೆ ಇರುತ್ತದೆ. ಕನ್ನಡ, ಇಂಗ್ಲಿಷ್, ತಮಿಳು, ಕೊಂಕಣಿ, ಯಾವ ಭಾಷೆಯ ಪೂಜೆ ಎಷ್ಟು ಹೊತ್ತಿಗೆ ಅಂತ ಬಾಗಿಲ ಹತ್ತಿರ ಬೋರ್ಡ್ ಹಾಕಿರುತ್ತಾರೆ. ಕನ್ನಡ ಪೂಜೆಗೇ ಹೋಗಿ ಅಂತ ನನ್ನ ಸಲಹೆ. ಚಿಕ್ಕಂದಿನಿಂದ ಬಾಯಲ್ಲಿರುವ ಪ್ರಾರ್ಥನೆ ಎದೆಗೆ ಬೇಗ ಇಳಿಯುತ್ತದೆ. ಮೊಬೈಲಿನಲ್ಲಿ ಪೂಜೆ ನೋಡುವುದು ಕಾಯಿಲೆ ಬಿದ್ದವರಿಗೆ, ಮನೆಯಿಂದ ಹೊರಡಲಾಗದ ವಯಸ್ಸಾದವರಿಗೆ ದೊಡ್ಡ ಸಮಾಧಾನ. ಆದರೆ ಎದ್ದು ಹೋಗುವ ಶಕ್ತಿ ಇರುವವರು ಅದರಲ್ಲೇ ನಿಂತುಬಿಡಬಾರದು. ಪೂಜೆಯಲ್ಲಿ ಕೊಡುವ ರೊಟ್ಟಿ, ಅಂದರೆ ಪರಮಪ್ರಸಾದ, ಕೈಗೆ ಬರುವುದು ಅಲ್ಲಿಗೆ ಹೋದರೆ ಮಾತ್ರ.

ಇನ್ನೊಂದು ಮಾತು. ಒಂದು ವಾರ ಶಿವಾಜಿನಗರದ ಬಸಿಲಿಕ, ಇನ್ನೊಂದು ವಾರ ಫ್ರೆಂಡ್ ಕರೆದ ಕಡೆ, ಮತ್ತೊಂದು ವಾರ ಪ್ರಸಂಗ ಚೆನ್ನಾಗಿರುತ್ತೆ ಅಂತ ಬೇರೆ ಕಡೆ, ಹೀಗೆ ಸುತ್ತಬೇಡಿ. ಒಂದು ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ಹೆಸರು ಬರೆಸಿ. ಪಿಜಿಯಲ್ಲಿರುವವರೂ ಬರೆಸಬಹುದು, ಚರ್ಚಿನ ಆಫೀಸಿಗೆ ಹೋಗಿ ಫಾದರ್ ಹತ್ತಿರ ಮಾತಾಡಿದರೆ ಸಾಕು. ಆ ಏರಿಯಾದಲ್ಲಿ ಕಿರು ಕ್ರೈಸ್ತ ಸಮುದಾಯ ಇರುತ್ತದೆ, ಯಾರದ್ದಾದರೂ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಾರೆ. ಅಲ್ಲಿ ಹೆಚ್ಚಿನವರು ನಿಮ್ಮ ತಾಯಿ ವಯಸ್ಸಿನವರೇ ಇರಬಹುದು. ಇರಲಿ, ಹೋಗಿ. ನೀವು ಜ್ವರ ಬಂದು ಮಲಗಿದರೆ ಗಂಜಿ ತಂದುಕೊಡುವವರು ಅವರೇ.

ಈಗ ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನನ್ನ ವಿಶ್ವಾಸವನ್ನು ಈ ಊರಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುವುದು ಪೂಜೆಯ ಜೊತೆಗೆ ಇನ್ನೊಂದಿದೆ: ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪಾಲ್ ಸೊಸೈಟಿ. ನಿಮ್ಮ ಊರಿನ ಚರ್ಚಿನಲ್ಲೂ ಅದರ ಹೆಸರಿನ ಕಾಣಿಕೆ ಡಬ್ಬಿ ನೋಡಿರುತ್ತೀರಿ. ಇದನ್ನು ಶುರು ಮಾಡಿದ್ದು ಪಾದ್ರಿಗಳಲ್ಲ, ಕಾಲೇಜು ಹುಡುಗರು. 1833ರಲ್ಲಿ, ಪ್ಯಾರಿಸ್‌ನಲ್ಲಿ. ಅವರಲ್ಲಿ ಒಬ್ಬರಾದ ಫ್ರೆಡರಿಕ್ ಒಝನಾಂ ಅನ್ನುವವರಿಗೆ ಆಗ 20 ವರ್ಷ. ಒಂದು ಚರ್ಚಾಕೂಟದಲ್ಲಿ ಕ್ರೈಸ್ತ ಧರ್ಮ ಹಿಂದೆ ಏನೇನು ಒಳ್ಳೆಯದು ಮಾಡಿದೆ ಅಂತ ಇವರು ವಾದ ಮಾಡುತ್ತಿದ್ದಾಗ ಯಾರೋ ಎದ್ದು, ಅದೆಲ್ಲ ಹಳೆಯ ಕತೆ, ಇವತ್ತು ಈ ಊರಿನ ಬಡವರಿಗೆ ನೀವು ಏನು ಮಾಡುತ್ತಿದ್ದೀರಿ ಅಂತ ಕೇಳಿದರಂತೆ. ಆ ಹುಡುಗರು ಉತ್ತರ ಹುಡುಕುತ್ತಾ ಕೂರಲಿಲ್ಲ. ತಮ್ಮ ಹತ್ತಿರ ಇದ್ದ ಸೌದೆಯನ್ನು ಒಂದು ಬಡ ಮನೆಗೆ ಹೊತ್ತುಕೊಂಡು ಹೋದರು. ಬಡವರ ಮನೆಗೆ ಹೋಗುವುದು ಹೇಗೆ, ಅಲ್ಲಿ ಹೇಗೆ ಕೂತು ಮಾತಾಡಬೇಕು ಅಂತ ಅವರಿಗೆ ಕಲಿಸಿದ್ದು ಸಿಸ್ಟರ್ ರೊಸಾಲಿ ರಾಂದು ಅನ್ನುವ ಕನ್ಯಾಸ್ತ್ರೀ. ಒಝನಾಂ ಅವರನ್ನು 1997ರಲ್ಲಿ ಪುಣ್ಯವಂತರ ಸಾಲಿಗೆ, ಅಂದರೆ ಸಂತರಾಗುವ ಹಿಂದಿನ ಮೆಟ್ಟಿಲಿಗೆ, ಸೇರಿಸಿದರು. ಮದುವೆಯಾಗಿ, ಮಗಳನ್ನು ಸಾಕಿ, ಪಾಠ ಮಾಡಿ ಬದುಕಿದವರು ಅವರು.

ನಾವು ಇವತ್ತೂ ಮಾಡುವುದು ಅದನ್ನೇ. ಮೀಟಿಂಗ್ ಪ್ರಾರ್ಥನೆಯಿಂದ ಶುರು. ಯಾವ ಮನೆಯಲ್ಲಿ ಏನು ಕಷ್ಟ ಅಂತ ಮಾತಾಡುತ್ತೇವೆ. ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ, ಅದಕ್ಕೆ ಗುಪ್ತ ಕಾಣಿಕೆ ಅಂತೀವಿ. ಯಾರು 10 ರೂಪಾಯಿ ಹಾಕಿದರು, ಯಾರು 500 ಹಾಕಿದರು, ಯಾರಿಗೂ ಗೊತ್ತಾಗುವುದಿಲ್ಲ. ಏನೂ ಹಾಕದಿದ್ದರೂ ಗೊತ್ತಾಗುವುದಿಲ್ಲ. ಮನೆಗಳಿಗೆ ಇಬ್ಬಿಬ್ಬರಾಗಿ ಹೋಗುತ್ತೇವೆ, ಒಬ್ಬರೇ ಹೋಗುವಂತಿಲ್ಲ. ಫೋಟೋ ತೆಗೆಯುವುದಿಲ್ಲ. ಯಾವ ಧರ್ಮದವರು ಅಂತ ನೋಡುವುದಿಲ್ಲ. ಅಕ್ಕಿ, ಬೇಳೆ, ಮಕ್ಕಳ ಫೀಸು, ಡಯಾಲಿಸಿಸ್‌ಗೆ ಹೋಗಿಬರುವ ಆಟೋ ದುಡ್ಡು, ಇವೇ ಜಾಸ್ತಿ. ಕೆಲವು ಮನೆಗಳಲ್ಲಿ ದುಡ್ಡಿಗಿಂತ ಕೂತು ಮಾತಾಡುವವರು ಬೇಕಾಗಿರುತ್ತದೆ. ಮಕ್ಕಳು ದೂರ ಇರುವ ಒಬ್ಬ ಅಜ್ಜಿ ಕಾಫಿ ಕುಡಿಯದೆ ನಮ್ಮನ್ನು ಬಿಡುವುದೇ ಇಲ್ಲ, ಹಾಲಿನ ದುಡ್ಡೂ ನಾವೇ ಕೊಟ್ಟಿದ್ದು ಅಂತ ಗೊತ್ತಿದ್ದರೂ ಕುಡಿಯಬೇಕು, ಯಾಕೆಂದರೆ ಆ ಹೊತ್ತಿಗೆ ಆ ಮನೆಯ ಯಜಮಾನಿ ಅವರು, ನಾವು ನೆಂಟರು. ಹಸಿದಿದ್ದೆ, ನನಗೆ ಊಟ ಕೊಟ್ಟಿರಿ ಅಂತ ಯೇಸುಸ್ವಾಮಿ ಹೇಳುವ, ಬೈಬಲಿನ ಮತ್ತಾಯನ ಪುಸ್ತಕದ 25ನೇ ಅಧ್ಯಾಯವನ್ನು ಎಷ್ಟೋ ಸಲ ಕೇಳಿರುತ್ತೇವೆ. ಅಂಥ ಮನೆಯಲ್ಲಿ ಕೂತು ಬಂದ ಮೇಲೆ ಅದನ್ನು ಓದಿದರೆ ಅದು ಬೇರೆಯೇ ಆಗಿ ಕೇಳಿಸುತ್ತದೆ.

ನಿಮ್ಮ ವಯಸ್ಸಿನವರಿಗೆ ನಾನು ಯಾವಾಗಲೂ ಹೇಳುವ ಹೆಸರು ಪಿಯರ್ ಜೋರ್ಜೊ ಫ್ರಾಸಾತಿ. ಇಟಲಿಯ ತೂರಿನ್ ಊರಿನ ಹುಡುಗ, ಗಣಿ ಇಂಜಿನಿಯರಿಂಗ್ ಓದುತ್ತಿದ್ದ, ಬೆಟ್ಟ ಹತ್ತುವುದೆಂದರೆ ಪ್ರಾಣ. ಅಪ್ಪ ದೊಡ್ಡ ಪತ್ರಿಕೆಯ ಒಡೆಯ, ದೇವರಲ್ಲಿ ಅಂಥ ನಂಬಿಕೆ ಇಲ್ಲದವರು. ಈ ಹುಡುಗ ವಿನ್ಸೆಂಟ್ ದೆ ಪಾಲ್ ಸೊಸೈಟಿ ಸೇರಿ ಬಡವರ ಮನೆಗಳಿಗೆ ಹೋಗುತ್ತಿದ್ದ, ಕೈಯಲ್ಲಿದ್ದ ದುಡ್ಡು ಅಲ್ಲೇ ಖಾಲಿ. 1925ರಲ್ಲಿ ಪೋಲಿಯೋ ತಗುಲಿ ಕೆಲವೇ ದಿನಗಳಲ್ಲಿ ತೀರಿಕೊಂಡ, ಆಗ 24 ವರ್ಷ. ಸಾಯುವ ಹಿಂದಿನ ದಿನ, ಕೈ ಸರಿಯಾಗಿ ಆಡದಿದ್ದರೂ ಒಂದು ಚೀಟಿ ಬರೆದ, ಒಬ್ಬ ಬಡ ರೋಗಿಗೆ ತಲುಪಿಸಬೇಕಿದ್ದ ಇಂಜೆಕ್ಷನ್ ಬಗ್ಗೆ. ಅವನ ಶವಯಾತ್ರೆಗೆ ಬೀದಿ ತುಂಬಿದ ಬಡವರನ್ನು ನೋಡಿದಾಗಲೇ ಮನೆಯವರಿಗೆ ತಮ್ಮ ಮಗ ಏನು ಮಾಡುತ್ತಿದ್ದ ಅಂತ ಸರಿಯಾಗಿ ತಿಳಿದದ್ದು. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವನನ್ನು ಸಂತನೆಂದು ಸಾರಿದರು. ಸಂತ ಅಂದರೆ ಮಠದಲ್ಲಿ ಇರುವವರು ಅಂತ ನಮಗೊಂದು ಕಲ್ಪನೆ ಇದೆ ಅಲ್ವಾ, ಇವನು ಗೆಳೆಯರ ಜೊತೆ ಟ್ರೆಕ್ಕಿಂಗ್ ಹೋಗುತ್ತಿದ್ದವನು.

ಇದೇ ದಾರಿಯಲ್ಲಿ ಕೆಲಸದ ಮಾತೂ ಬರುತ್ತದೆ. ನಾನು ಇರುವುದು ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿ ಜನರನ್ನು ಒದಗಿಸುವ ಒಂದು ಸಂಸ್ಥೆಯ ಅಕೌಂಟ್ಸ್‌ನಲ್ಲಿ. ತಿಂಗಳ ಮೊದಲ ವಾರ ಬಂದರೆ ಸಂಬಳ ನಾಲ್ಕು ದಿನ ತಡವಾದರೆ ಏನಾಯ್ತು ಅನ್ನುವ ಮಾತು ಬಂದೇ ಬರುತ್ತದೆ. 7ನೇ ತಾರೀಖಿನೊಳಗೆ ಕೊಡಬೇಕು ಅಂತ ಕಾನೂನೇ ಇದೆ. ಆದರೆ ನನಗೆ ಅದಕ್ಕೂ ಮೊದಲು ನೆನಪಾಗುವುದು ಬೈಬಲಿನ ಯಾಕೋಬನ ಪತ್ರ: ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಅನ್ನುತ್ತದೆ ಅದು. ಪ್ರತಿ ತಿಂಗಳೂ ಮೇಲಿನವರ ಜೊತೆ ಇದೇ ವಾದ. ಬೈಬಲ್ ಹಿಡಿದು ವಾದ ಮಾಡುವುದಿಲ್ಲ, ಲೆಕ್ಕ ಮತ್ತು ಕಾನೂನು ಹಿಡಿದು ಮಾಡುತ್ತೇನೆ. ಹೆಚ್ಚಿನ ತಿಂಗಳು ದುಡ್ಡು ಸಮಯಕ್ಕೆ ಹೋಗುತ್ತದೆ. ನನ್ನ ಪಾಲಿಗೆ ಅದು ಜಪಸರದಷ್ಟೇ ಮುಖ್ಯ.

ಇದು ನನ್ನ ಸ್ವಂತ ಹುಚ್ಚಲ್ಲ. 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಖಾನೆ ಕೆಲಸಗಾರರ ಪರವಾಗಿ ಪತ್ರ ಬರೆದು, ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು ಎಲ್ಲವನ್ನೂ ಎತ್ತಿಹಿಡಿದರು. 2025ರ ಮೇನಲ್ಲಿ ಆಯ್ಕೆಯಾದ ಈಗಿನ ಪೋಪ್ ಅದೇ ಹೆಸರು ಇಟ್ಟುಕೊಂಡು, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಮನುಷ್ಯನ ಘನತೆ, ದುಡಿಮೆ, ನ್ಯಾಯ ಕಾಪಾಡಬೇಕು ಅಂತ ಕಾರಣ ಹೇಳಿದರು. ನೀವು ಐಟಿಯಲ್ಲಿದ್ದೀರಿ. ಟೀಮಿನಲ್ಲಿ ಯಾರನ್ನು ತೆಗೆಯಬೇಕು ಅನ್ನುವ ಪಟ್ಟಿ ನಾಳೆ ನಿಮ್ಮ ಕೈಗೂ ಬರಬಹುದು. ಇನ್ನೊಬ್ಬರ ಕೆಲಸವನ್ನು ನಿಮ್ಮದು ಅಂತ ತೋರಿಸುವ ಅವಕಾಶ ಬರಬಹುದು. ಪಿಜಿಯಲ್ಲಿ ಪಾತ್ರೆ ತೊಳೆಯುವ ಹುಡುಗನ ಹೆಸರು ನಿಮಗೆ ಗೊತ್ತಾ? ಕ್ಯಾಥೋಲಿಕನಾಗಿ ಬದುಕುವುದು ಇಲ್ಲಿಂದಲೇ ಶುರು.

ಆಫೀಸಿನ ಹಿಂಜರಿಕೆ ಬಗ್ಗೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 2ಕ್ಕಿಂತ ಕಡಿಮೆ. ಹಾಗಾಗಿ ನಿಮ್ಮ ಫ್ಲೋರಿನಲ್ಲಿ ಎಷ್ಟೋ ಜನರಿಗೆ ಗೊತ್ತಿರುವ ಒಬ್ಬರೇ ಕ್ರೈಸ್ತರು ನೀವೇ ಇರಬಹುದು. ನೀವೂ ಕನ್ವರ್ಟ್ ಮಾಡ್ತೀರಾ ಅಂತ ಕೇಳುವವರು ಸಿಗುತ್ತಾರೆ, ನನಗೂ ಸಿಕ್ಕಿದ್ದಾರೆ. ಕೋಪ ಮಾಡಿಕೊಳ್ಳಬೇಡಿ, ಬಹಳ ಸಲ ಅವರಿಗೆ ತಿಳಿಯದೆ ಕೇಳುತ್ತಾರೆ. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟವಾಗಿ ಹೇಳಿದೆ, ಬೇರೆ ಧರ್ಮಗಳಲ್ಲಿರುವ ಸತ್ಯವಾದದ್ದನ್ನು, ಪವಿತ್ರವಾದದ್ದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಅಂತಲೂ ಅದೇ ವರ್ಷ ಹೇಳಿದೆ. ಅದನ್ನೇ ಸರಳವಾಗಿ ಹೇಳಿ. ನಾನು ಚರ್ಚಿಗೆ ಹೋಗುತ್ತೇನೆ ಅಂತ ಹೇಳುವುದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ಆಯುಧಪೂಜೆ, ಪ್ರಸಾದ ಇವುಗಳ ಪ್ರಶ್ನೆಯೂ ಬರುತ್ತದೆ. ನಾನು ನಡೆದುಕೊಳ್ಳುವುದು ಹೀಗೆ: ಪೂಜೆ ನಡೆಯುವಾಗ ಗೌರವದಿಂದ ನಿಲ್ಲುತ್ತೇನೆ, ಅಲಂಕಾರಕ್ಕೆ, ಕುರ್ಚಿ ಜೋಡಿಸುವುದಕ್ಕೆ ಕೈ ಹಾಕುತ್ತೇನೆ, ಆರತಿ ನಾನು ಎತ್ತುವುದಿಲ್ಲ. ನಮ್ಮಲ್ಲೇ ಕೆಲವರು ಪ್ರಸಾದ ತಿನ್ನುತ್ತಾರೆ, ಕೆಲವರು ತಿನ್ನುವುದಿಲ್ಲ. ಈ ಚರ್ಚೆ ಸಂತ ಪೌಲರ ಕಾಲದ್ದು, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ 8 ಮತ್ತು 10ನೇ ಅಧ್ಯಾಯ ಓದಿ, ಆಮೇಲೆ ನಿಮ್ಮ ಫಾದರ್ ಹತ್ತಿರ ಮಾತಾಡಿ ನಿರ್ಧಾರ ಮಾಡಿ. ಏನೇ ಮಾಡಿದರೂ ಪ್ರೀತಿಯಿಂದ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಬೇಡಿ.

ಮದುವೆ ಬಗ್ಗೆಯೂ ಒಂದು ಸಾಲು ಕೇಳಿದ್ದಿರಿ. ಹುಡುಗಿ ಬೇರೆ ಧರ್ಮದವಳಾದರೂ ಅವಳು ಜ್ಞಾನಸ್ನಾನ (ಬ್ಯಾಪ್ಟಿಸಂ) ಪಡೆಯಲೇಬೇಕು ಅಂತ ಇಲ್ಲ, ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಪಡೆದು ಚರ್ಚಿನಲ್ಲೇ ಮದುವೆ ಆಗಬಹುದು. ಅದಕ್ಕೆ ಬೇಕಾದ ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಫಾದರ್‌ಗೆ ತಿಳಿಸಿ.

ಬಹಳ ದಿನದಿಂದ ಪಾಪನಿವೇದನೆ (ಫಾದರ್ ಮುಂದೆ ತಪ್ಪೊಪ್ಪಿಗೆ) ಮಾಡಿಲ್ಲ, ಆಗ ಹೇಳುವ ಮಂತ್ರ ಮರೆತುಹೋಗಿದೆ ಅಂತ ಭಯ ಬೇಡ. ಮರೆತಿದ್ದೇನೆ ಅಂತಲೇ ಹೇಳಿ, ಫಾದರೇ ಒಂದೊಂದಾಗಿ ಹೇಳಿಕೊಡುತ್ತಾರೆ. ಈ ಶನಿವಾರ ಸಂಜೆಯ ಪೂಜೆಗೆ ಸ್ವಲ್ಪ ಮುಂಚೆ ಹೋದರೆ ಅದೂ ಆಗುತ್ತದೆ. ಪೂಜೆ ಮುಗಿದ ತಕ್ಷಣ ಗಾಡಿ ತೆಗೆದು ಹೊರಟುಬಿಡಬೇಡಿ. ಹೊರಗೆ ನಿಂತಿರುವ ಹಿರಿಯರಲ್ಲಿ ಯಾರನ್ನಾದರೂ, ಇಲ್ಲಿ ವಿನ್ಸೆಂಟ್ ದೆ ಪಾಲ್ ನೋಡಿಕೊಳ್ಳುವವರು ಯಾರು ಅಂತ ಕೇಳಿ. ಹುಡುಗರು ಸಿಗುವುದೇ ಅಪರೂಪ, ನೈಟ್ ಶಿಫ್ಟ್ ಇದೆ ಅಂದರೂ ನಿಮ್ಮ ಸಮಯ ನೋಡಿಕೊಂಡು ಕರೆದುಕೊಂಡು ಹೋಗುತ್ತಾರೆ.