ವೋಲ್ಟೇಜ್ ಏರಿಸಿದರೆ ಇಳುವರಿ ಯಾಕೆ ಕುಸಿಯುತ್ತದೆ?
ಎಲೆಕ್ಟ್ರೋಮೆಂಬ್ರೇನ್ ಎಕ್ಸ್‌ಟ್ರಾಕ್ಷನ್‌ನಲ್ಲಿ, ಅಂದರೆ ವೋಲ್ಟೇಜ್ ಕೊಟ್ಟು ಔಷಧವನ್ನು ದ್ರಾವಕ ತುಂಬಿದ ಪೊರೆಯ ಮೂಲಕ ಸಂಗ್ರಹ ದ್ರಾವಣಕ್ಕೆ ಎಳೆಯುವ ವಿಧಾನದಲ್ಲಿ, ರಕ್ತದ ಪ್ಲಾಸ್ಮಾದಿಂದ ಮೆಥಡೋನ್ ಎಂಬ ಕ್ಷಾರೀಯ ಔಷಧ ತೆಗೆಯುವಾಗ 300 ವೋಲ್ಟ್‌ಗೆ ಏರಿಸಿದ ಮೇಲೆ ಗುಳ್ಳೆ ಬಂತು, ಇಳುವರಿ ಕುಸಿಯಿತು ಅಂದಿರಿ. ವೋಲ್ಟೇಜ್ ಇರಲಿ, ಕರೆಂಟ್ ಎಷ್ಟಿತ್ತು? ಅದು ಜಾಸ್ತಿಯಾದರೆ ಎಲೆಕ್ಟ್ರೋಡ್ ಹತ್ತಿರ ನೀರು ಒಡೆದು ಗುಳ್ಳೆ ಏಳುತ್ತದೆ, ಕ್ಯಾಥೋಡ್ (ಋಣ ಎಲೆಕ್ಟ್ರೋಡ್) ಇರುವ ನಿಮ್ಮ ಸಂಗ್ರಹ ದ್ರಾವಣದಲ್ಲಿ ಆಮ್ಲ ಖರ್ಚಾಗುತ್ತಾ ಹೋಗುತ್ತದೆ, ಕೊನೆಗೆ ಪಿಹೆಚ್ ಏರಿ ಮೆಥಡೋನ್ ಚಾರ್ಜ್ ಕಳೆದುಕೊಂಡು ವಾಪಸ್ ಪೊರೆಗೇ ಸೇರಿಕೊಳ್ಳುತ್ತದೆ. ಸುಮ್ನೆ ಲೆಕ್ಕ ಹಾಕಿ: 30 ಮೈಕ್ರೋಲೀಟರ್, 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ 50 ಮೈಕ್ರೋಆಂಪಿಯರ್ ಕರೆಂಟ್ 5 ನಿಮಿಷದಲ್ಲಿ ಅದರ ಅರ್ಧವನ್ನು ತಿಂದುಬಿಡುತ್ತದೆ! ಕರೆಂಟನ್ನು 50 ಮೈಕ್ರೋಆಂಪಿಯರ್‌ನೊಳಗೆ ಇಡಿ. ಪೊರೆಯಲ್ಲಿ ದ್ರಾವಕವಾಗಿ ಆಕ್ಟನಾಲ್ ಇದೆಯಾ? ಅದು ಆಮ್ಲೀಯ ಔಷಧಗಳಿಗೆ ಸರಿ, ಕ್ಷಾರೀಯವಾದ ಮೆಥಡೋನ್‌ಗೆ ನೈಟ್ರೋಫಿನೈಲ್ ಆಕ್ಟೈಲ್ ಈಥರ್ ಎಂಬ ದ್ರಾವಕ ಹಾಕಿ, ಕರೆಂಟ್ ತಾನಾಗೇ ಇಳಿಯುತ್ತದೆ.