ಇಂಧನ ತುಂಬಿಕೊಳ್ಳಲು ಗುರುವಿನಂಥ ಗ್ರಹಕ್ಕೆ ಇಳಿಯುವ ಮೊದಲು

ಟ್ರಾವೆಲರ್ ಎಂಬ, ದಾಳ ಹಾಕುತ್ತ ಬಾಹ್ಯಾಕಾಶ ಯಾನಿಗಳ ಪಾತ್ರ ವಹಿಸುವ ಆಟದ ಬಗ್ಗೆ ನೀವು ಬರೆದ ಪತ್ರಕ್ಕೆ ಇದು ಉತ್ತರ. ಆ ಆಟದಲ್ಲಿ ನಿಮ್ಮ ಕ್ಯಾಪ್ಟನ್ ಹೇಳುವ ಮಾತನ್ನು ನಾನೂ ಒಂದು ಕಾಲದಲ್ಲಿ ಅಷ್ಟೇ ಖಚಿತವಾಗಿ ಹೇಳುತ್ತಿದ್ದೆ: ಗುರುವಿನಂಥ ಅನಿಲದೈತ್ಯ ಗ್ರಹದ ಮೋಡಗಳಲ್ಲಿ ಜಲಜನಕ ಬಿಟ್ಟಿಯಾಗಿ ಸಿಗುವಾಗ ನಿಲ್ದಾಣದಲ್ಲಿ ದುಡ್ಡು ಸುರಿದು ಇಂಧನ ಕೊಳ್ಳುವವರು ದಡ್ಡರು. ಫ್ರೀ ಟ್ರೇಡರ್ ಎಂಬ 200 ಟನ್ನಿನ ಸಣ್ಣ ವ್ಯಾಪಾರಿ ನೌಕೆಗೆ ಎರಡರಲ್ಲಿ ಯಾವುದು ಲಾಭ, ಮತ್ತು ಪ್ರತಿ ಸಲವೂ ದಾಳ ಹಾಕಿಸುವ ನಿಮ್ಮ ರೆಫರಿಯನ್ನು, ಅಂದರೆ ಆಟ ನಡೆಸುವವರನ್ನು, ಹೇಗೆ ಒಪ್ಪಿಸುವುದು ಎಂದು ಕೇಳಿದ್ದೀರಿ. ಲಾಭದ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ನಮ್ಮ ನೌಕೆ ಹೇಗೆ ಹೋಯಿತು ಎಂಬುದನ್ನು ಹೇಳಬೇಕು, ಏಕೆಂದರೆ ನೀವು ಬರೆದಿರುವ ಯೋಜನೆಯಲ್ಲಿ ‘ಜಾಗ್ರತೆಯಿಂದ, ವೇಗ ತಗ್ಗಿಸಿಕೊಂಡು ಇಳಿಯುತ್ತೇವೆ’ ಎಂಬ ಒಂದು ಸಾಲಿದೆ. ನಮ್ಮನ್ನು ಮುಳುಗಿಸಿದ್ದು ಆ ಸಾಲೇ.

ನಾವು ಆಡುತ್ತಿದ್ದದ್ದೂ ಟ್ರಾವೆಲರ್ ಆಟವನ್ನೇ, 1977ರಲ್ಲಿ ಮೊದಲು ಪ್ರಕಟವಾದ ಹಳೆಯ ನಿಯಮಗಳ ಜಾಡಿನಲ್ಲಿ. ಶಿರಸಿಯ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಊಟವಾದ ಮೇಲೆ ಕೂರುತ್ತಿದ್ದೆವು. ರೆಫರಿಯಾಗಿದ್ದವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರನ್ನು ಎಲ್ಲರೂ ಮಾಸ್ತರು ಎಂದೇ ಕರೆಯುತ್ತಿದ್ದೆವು. ಎಂಜಿನಿಯರನ ಪಾತ್ರ ಕಾರವಾರದಿಂದ ಬಸ್ಸಿನಲ್ಲಿ ಬರುತ್ತಿದ್ದ ಗೆಳೆಯನದು, ಮನೆಯಲ್ಲಿ ಮೀನುಗಾರಿಕೆಯ ದೋಣಿಗಳಿದ್ದವನು. ಲೆಕ್ಕಪತ್ರ ನನ್ನ ತಂಗಿಯದು. ನೌಕೆ ನಡೆಸುವವನು ನಾನು.

ಆಟದ ಪರಿಚಯವಿಲ್ಲದೆ ಇದನ್ನು ಓದುವವರಿಗಾಗಿ ಕೆಲವು ಮಾತು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಪ್ರತಿ ಜಂಪ್ ಸುಮಾರು ಒಂದು ವಾರ ಹಿಡಿಯುತ್ತದೆ, ಮತ್ತು ಒಂದು ಪಾರ್ಸೆಕ್ (ಸುಮಾರು 3.26 ಜ್ಯೋತಿರ್ವರ್ಷ) ದೂರಕ್ಕೆ ನೌಕೆಯ ಗಾತ್ರದ ಹತ್ತನೇ ಒಂದು ಭಾಗದಷ್ಟು ದ್ರವ ಜಲಜನಕ ಬೇಕಾಗುತ್ತದೆ. ನೌಕೆಯ ಗಾತ್ರವನ್ನು ಅಳೆಯುವ ಟನ್ ತೂಕದ್ದಲ್ಲ. ಒಂದು ಟನ್ ದ್ರವ ಜಲಜನಕ ಹಿಡಿಸುವ ಜಾಗ ಅದು, ಸುಮಾರು 14 ಘನ ಮೀಟರ್. ಹಾಗಾಗಿ ನಮ್ಮ, ಮತ್ತು ನಿಮ್ಮ, ನೌಕೆಗೆ ಒಂದು ಪಾರ್ಸೆಕ್‌ನ ಒಂದು ಜಂಪ್‌ಗೆ 20 ಟನ್ ಬೇಕು. ಎ ಮತ್ತು ಬಿ ದರ್ಜೆಯ ನಿಲ್ದಾಣಗಳಲ್ಲಿ ಶುದ್ಧ ಇಂಧನ ಟನ್ನಿಗೆ 500 ಕ್ರೆಡಿಟ್ (ಆಟದ ಹಣ), ಸಿ ಮತ್ತು ಡಿ ದರ್ಜೆಯವುಗಳಲ್ಲಿ ಸಿಗುವ ಕಚ್ಚಾ ಇಂಧನ ಟನ್ನಿಗೆ 100. ಮೋಡದಿಂದ ಬಾಚಿಕೊಂಡದ್ದಕ್ಕೆ ಹಣ ಕೊಡಬೇಕಿಲ್ಲ, ಆದರೆ ಅದೂ ಕಚ್ಚಾ ಮಾಲೇ. ಇನ್ನೊಂದು ನಿಯಮವೆಂದರೆ, ಯಾವುದೇ ಗ್ರಹದಿಂದ ಅದರ ವ್ಯಾಸದ ನೂರು ಪಟ್ಟು ದೂರ ಸರಿಯದೆ ಜಂಪ್ ಮಾಡುವುದು ಕ್ಷೇಮವಲ್ಲ.

ಆ ದಿನ ನಾವಿದ್ದ ನಕ್ಷತ್ರವ್ಯೂಹ ನಮಗೆ ದಾರಿಯ ನಡುವಿನ ತಂಗುದಾಣ ಮಾತ್ರವಾಗಿತ್ತು. ಅಲ್ಲಿ ಭೂಮಿಯಷ್ಟೇ ದೊಡ್ಡದಾದ, ಸಾಗರವಿರುವ ಒಂದು ಗ್ರಹ, ಅದರಲ್ಲೊಂದು ಬಿ ದರ್ಜೆಯ ನಿಲ್ದಾಣ, ಹೊರಗೆ ಗುರುವಿನಷ್ಟೇ ದೊಡ್ಡ ಅನಿಲದೈತ್ಯ. ನೌಕೆಗಾಗಿ ಮಾಡಿದ ಬ್ಯಾಂಕ್ ಸಾಲದ ಕಂತು ಕಟ್ಟಲು ಹಣ ಸಾಲದೆ ಇದ್ದುದರಿಂದ 10,000 ಕ್ರೆಡಿಟ್ ಉಳಿಸೋಣ ಎಂದು ನಾನು ಹಟ ಹಿಡಿದೆ. ಕಾರವಾರದ ಗೆಳೆಯ, ‘ಎದುರಿಗೇ ಸಮುದ್ರ ಇದೆಯಲ್ಲ, ನೀರು ಎತ್ತಿಕೊಂಡರೆ ಆಗುವುದಿಲ್ಲವೇ?’ ಎಂದು ಕೇಳಿದ. ಯಾರೂ ಕಿವಿಗೊಡಲಿಲ್ಲ. ನೀರೆತ್ತುವುದರಲ್ಲಿ ಸಾಹಸವೇನಿದೆ?

ಮಾಸ್ತರು ದೈತ್ಯ ಗ್ರಹಕ್ಕೆ ಗುರುವಿನ ಅಂಕಿಗಳನ್ನೇ ಬಳಸಿದ್ದರು. ಮೋಡಗಳ ಮೇಲ್ಪದರದಲ್ಲಿ ಗುರುತ್ವ ಭೂಮಿಯ ಎರಡೂವರೆ ಪಟ್ಟು. ಅಲ್ಲಿ ಕಕ್ಷೆಯಲ್ಲಿ ಉಳಿಯಬೇಕಾದರೆ ಸೆಕೆಂಡಿಗೆ ಸುಮಾರು 42 ಕಿ.ಮೀ. ವೇಗ ಬೇಕು. ಗ್ರಹ ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ ಸಮಭಾಜಕದ ಗಾಳಿಯೇ ಸೆಕೆಂಡಿಗೆ 12 ಕಿ.ಮೀ.ಗೂ ಮಿಕ್ಕಿ ಓಡುತ್ತಿರುತ್ತದೆ. ಅದೇ ದಿಕ್ಕಿನಲ್ಲಿ ಹೋದರೆ ಗಾಳಿಗೆ ಹೋಲಿಸಿದ ವೇಗ 30 ಕಿ.ಮೀ.ಗೆ ಇಳಿಯುತ್ತದೆ. ಇಷ್ಟು ಹೇಳಿ ಅವರು ಗೆಲಿಲಿಯೊ ನೌಕೆ ಗುರುವಿನೊಳಕ್ಕೆ ಬಿಟ್ಟ ಶೋಧಕದ ಕಥೆ ಹೇಳಿದರು. 1995ರ ಡಿಸೆಂಬರ್ 7ರಂದು ಅದು ಸೆಕೆಂಡಿಗೆ 47 ಕಿ.ಮೀ. ವೇಗದಲ್ಲಿ ವಾತಾವರಣವನ್ನು ಹೊಕ್ಕಾಗ 152 ಕೆ.ಜಿ.ಯ ಶಾಖಕವಚದಲ್ಲಿ ಸುಮಾರು 80 ಕೆ.ಜಿ. ಉರಿದುಹೋಯಿತು. ಅದನ್ನು ಕೇಳಿ ನನಗೆ ಹೆದರಿಕೆಯಾಯಿತು. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವವನು ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ: ವೇಗ ತಗ್ಗಿಸಿದೆ. ಮೋಡಕ್ಕಿಂತ ಮೇಲೆಯೇ ಎಂಜಿನ್ನನ್ನು ಮುಂದಕ್ಕೆ ತಿರುಗಿಸಿ, ಗಾಳಿಯ ವೇಗಕ್ಕೆ ಹತ್ತಿರವಾಗುವವರೆಗೆ ಬ್ರೇಕ್ ಹಾಕುತ್ತ ಹೋಗಿ, ಮೆಲ್ಲಗೆ ಇಳಿಯುತ್ತೇನೆ ಎಂದೆ. ಘಟ್ಟದಲ್ಲಿ ಮೆಲ್ಲಗೆ ಹೋಗುವವನನ್ನು ಹೊತ್ತುಕೊಳ್ಳಲು ಕೆಳಗೆ ರಸ್ತೆ ಇರುತ್ತದೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಇಲ್ಲಿ ಆದದ್ದೇನು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ಫ್ರೀ ಟ್ರೇಡರ್ ನೌಕೆಯ ಎಂಜಿನ್ ಕೊಡುವುದು 1 ಜಿ, ಅಂದರೆ ಭೂಮಿಯ ಗುರುತ್ವಕ್ಕೆ ಸಮನಾದ ನೂಕು. ಗ್ರಹ ಎಳೆಯುತ್ತಿರುವುದು ಎರಡೂವರೆ ಜಿ. ಆ ನೌಕೆ ಅಲ್ಲಿ ಬೀಳದೆ ಇರುವುದು ಎಂಜಿನ್ನಿನ ಬಲದಿಂದಲ್ಲ, ಅಡ್ಡಡ್ಡಲಾಗಿ 42 ಕಿ.ಮೀ. ವೇಗದಲ್ಲಿ ಓಡುತ್ತಿರುವುದರಿಂದ. ಆ ವೇಗವನ್ನು ಬಿಟ್ಟುಕೊಟ್ಟಷ್ಟೂ ನೌಕೆಯ ಭಾರ ಎಂಜಿನ್ನಿನ ಮೇಲೆ ಬೀಳುತ್ತದೆ. ಲೆಕ್ಕ ಹಾಕಿದರೆ, ವೇಗ 33 ಕಿ.ಮೀ.ಗಿಂತ ಕೆಳಗಿಳಿದ ಮೇಲೆ ಎಂಜಿನ್ನನ್ನು ನೇರ ಕೆಳಮುಖವಾಗಿ ಪೂರ್ತಿ ಉರಿಸಿದರೂ ನೌಕೆಯನ್ನು ಎತ್ತಿ ಹಿಡಿಯಲಾಗುವುದಿಲ್ಲ. ಗುರುವಿನಂಥ ಗ್ರಹದ ಮೋಡಗಳಿಂದ ಸುಮಾರು 42,000 ಕಿ.ಮೀ. ಎತ್ತರದವರೆಗೂ ಗುರುತ್ವ 1 ಜಿ.ಗಿಂತ ಹೆಚ್ಚೇ ಇರುತ್ತದೆ. ಅಷ್ಟು ವಲಯದಲ್ಲಿ ಎಲ್ಲಿಯೂ ನಿಮ್ಮ ನೌಕೆ ನಿಲ್ಲಲಾರದು. ಹಾಗಿರುವಾಗ ನಾನು ಅಡ್ಡವೇಗವನ್ನು 15 ಕಿ.ಮೀ.ಗೆ ಇಳಿಸಿ, ಸುರಕ್ಷಿತವಾಗಿದ್ದೇನೆಂದು ಭಾವಿಸಿದ್ದೆ.

ಎರಡನೆಯ ಸಂಗತಿ ಇನ್ನೂ ಹೊಟ್ಟೆ ಉರಿಸುವಂಥದ್ದು: ನಿಧಾನಿಸುವ ಅಗತ್ಯವೇ ಇರಲಿಲ್ಲ. ಅನಿಲ ಬಾಚಿಕೊಳ್ಳುವ, ಹತ್ತು ಚದರ ಮೀಟರಿನ ಬಾಯಿಯುಳ್ಳ ಸ್ಕೂಪ್ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಘನ ಮೀಟರಿಗೆ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ತೆಳುವಾದ ಗಾಳಿಯಲ್ಲಿ ಕೂಡ ಅದರೊಳಗೆ ಸೆಕೆಂಡಿಗೆ 30 ಕೆ.ಜಿ. ಅನಿಲ ನುಗ್ಗುತ್ತದೆ. ಗುರುವಿನ ಅನಿಲದಲ್ಲಿ ತೂಕದ ಲೆಕ್ಕದಲ್ಲಿ ಕಾಲು ಭಾಗ ಹೀಲಿಯಂ. ಅದನ್ನು ಹೊರಹಾಕಿದ ಮೇಲೂ ಹದಿನೈದು ನಿಮಿಷದ ಓಟದಲ್ಲಿ ನಮ್ಮ 20 ಟನ್ ತುಂಬುತ್ತಿತ್ತು. ಇಂಧನವನ್ನು ಒಟ್ಟುಗೂಡಿಸುವುದು ವೇಗವೇ. ವೇಗ ಹತ್ತನೇ ಒಂದಕ್ಕೆ ಇಳಿದರೆ, ಅಷ್ಟೇ ಅನಿಲಕ್ಕಾಗಿ ಹತ್ತು ಪಟ್ಟು ದಟ್ಟವಾದ ಗಾಳಿಗೆ, ಅಂದರೆ ಇನ್ನೂ ಆಳಕ್ಕೆ ಹೋಗಬೇಕು. ಬಿಸಿಗೆ ಹೆದರಿದವನು ಮಾಡಬೇಕಾದದ್ದು ಎತ್ತರದಲ್ಲಿ ತೆಳುಗಾಳಿಯನ್ನು ಸವರಿಕೊಂಡು ಹೋಗುವುದು. ಒಂದು ಸುತ್ತಿಗೆ ಸಾಲದಿದ್ದರೆ ಎರಡು ಸುತ್ತು ಹಾಕುವುದು. ಗೆಲಿಲಿಯೊ ಶೋಧಕದ ಕಥೆಯಿಂದ ನಾನು ಕಲಿತ ಪಾಠ ತಲೆಕೆಳಗಾಗಿತ್ತು. ಆ ಶೋಧಕ ಮರಳಿ ಬರಲು ಹೋದದ್ದಲ್ಲ. ಅದು ವೇಗ ಕಳೆದುಕೊಂಡು, ಪ್ಯಾರಾಚೂಟಿನಲ್ಲಿ ತೂಗಾಡುತ್ತ, ಸುಮಾರು ಒಂದು ಗಂಟೆ ಕಾಲ ಮಾಹಿತಿ ಕಳಿಸಿ ಮುಳುಗಿತು. ನಮಗೆ ಪ್ಯಾರಾಚೂಟ್ ಕೂಡ ಇರಲಿಲ್ಲ.

ನೌಕೆ ಕುಸಿಯತೊಡಗಿದಾಗ ನಾನು ವಾದಕ್ಕೆ ನಿಂತೆ. ನಮ್ಮದು ಗಾಳಿಯಲ್ಲಿ ಹಾರಬಲ್ಲ, ನುಣುಪು ಮೈಯ ನೌಕೆಯಲ್ಲವೇ, ಗಾಳಿಯೇ ಎತ್ತಿ ಹಿಡಿಯುತ್ತದೆ ಎಂದೆ. ಹಿಡಿಯುತ್ತದೆ, ಒಪ್ಪಿದೆ ಎಂದರು ಮಾಸ್ತರು. ಆದರೆ ಮತ್ತೆ ಕಕ್ಷೆಗೆ ಏರಲು ಬೇಕಾದ ಇಪ್ಪತ್ತೇಳು ಕಿ.ಮೀ. ವೇಗವನ್ನು ದಟ್ಟಗಾಳಿಯೊಳಗೇ, ಅದರ ತಡೆಯನ್ನು ಎದುರಿಸಿಕೊಂಡೇ ಗಳಿಸಬೇಕಲ್ಲ, ಯಾವ ಬಿಸಿಗೆ ಹೆದರಿ ನಿಧಾನಿಸಿದಿರೋ ಅದರಲ್ಲೇ ಈಗ ಬಹಳ ಹೊತ್ತು ಬೇಯಬೇಕಲ್ಲ ಎಂದು ಕೇಳಿದರು. ಸರಕನ್ನೆಲ್ಲ ಹೊರಗೆಸೆಯಿರಿ, ಹಗುರಾಗೋಣ ಎಂದೆ. ತಂಗಿ ನಿಯಮದ ಪುಸ್ತಕ ತೆರೆದು, ‘ಅಣ್ಣಾ, ಎಂಜಿನ್ನಿನ ಜಿ ಲೆಕ್ಕ ನೌಕೆಯ ಗಾತ್ರದ ಮೇಲೆ, ತೂಕದ ಮೇಲಲ್ಲ’ ಎಂದಳು. ಆ ಹೊತ್ತಿಗೆ ಸರಕಿನ ಅರ್ಧ ಭಾಗ ಹೊರಗೆ ಹೋಗಿಯಾಗಿತ್ತು. ಕೊನೆಗೆ ಮಾಸ್ತರು ಕೊಟ್ಟ ದಾಳಗಳನ್ನು ಹಾಕಿದೆವು, ಏರುವ ಪ್ರಯತ್ನದಲ್ಲಿ ಮೈಕವಚ ಸೀಳಿತು, ನೌಕೆ ಹೋಯಿತು. ಎಲ್ಲರೂ ಹೊಸ ಪಾತ್ರಗಳನ್ನು ಬರೆದುಕೊಂಡೆವು. ಮುಂದಿನ ಆಟಗಳಲ್ಲಿ ನನಗೆ ಪೈಲಟ್ ಕೆಲಸ ಕೊಡಲಿಲ್ಲ.

ಈಗ ನಿಮ್ಮ ಲಾಭದ ಪ್ರಶ್ನೆ. ಅನಿಲದೈತ್ಯದ ಇಂಧನ ಬಿಟ್ಟಿ ಎಂಬ ನಿಮ್ಮ ಕ್ಯಾಪ್ಟನ್ನಿನ ಮಾತನ್ನೇ ನಾನು ಒಪ್ಪುವುದಿಲ್ಲ. ಹಳೆಯ ನಿಯಮದಲ್ಲಿ ಫ್ರೀ ಟ್ರೇಡರ್ ನೌಕೆಯ ಬೆಲೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್. ತಿಂಗಳ ಕಂತು ಅದರ 240ನೇ ಒಂದು ಭಾಗ, ಅಂದರೆ 1,54,500. ದಿನಕ್ಕೆ ಹಂಚಿದರೆ 5,000ಕ್ಕೂ ಹೆಚ್ಚು. ಗುರುವಿನಂಥ ಗ್ರಹದ ನೂರು ವ್ಯಾಸದ ಗೆರೆ 1 ಕೋಟಿ 43 ಲಕ್ಷ ಕಿ.ಮೀ. ದೂರದಲ್ಲಿರುತ್ತದೆ, ಆಟದ ಸೂತ್ರದಂತೆ 1 ಜಿ ನೌಕೆಗೆ ಒಳಗೆ ಬರಲು 21 ಗಂಟೆ, ಹೊರಗೆ ಹೋಗಲು 21 ಗಂಟೆ. ಭೂಮಿಯಷ್ಟು ದೊಡ್ಡ ಗ್ರಹಕ್ಕಾದರೆ ಆರು ಗಂಟೆಯಂತೆ ಹನ್ನೆರಡು ಗಂಟೆ ಸಾಕು. ಅಂದರೆ 10,000 ಉಳಿಸಲು ಹೋದವನು ಒಂದೂಕಾಲು ದಿನವನ್ನು ಹೆಚ್ಚಾಗಿ ಕಳೆಯುತ್ತಾನೆ, ಉಳಿತಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುತ್ತದೆ, ಕಚ್ಚಾ ಇಂಧನವನ್ನು ಶುದ್ಧೀಕರಿಸುವ ಸಮಯ ಬೇರೆ. ಇನ್ನು ಸರಕು ಇಳಿಸಲು ಒಳಗಿನ ಗ್ರಹಕ್ಕೆ ಬಂದು, ಅಲ್ಲಿಂದ ಇಂಧನಕ್ಕಾಗಿ ಹೊರಗಿನ ದೈತ್ಯಕ್ಕೆ ಹೊರಡುವುದಂತೂ ಹುಚ್ಚುತನ. ಭೂಮಿಯಿಂದ ಗುರುವಿನವರೆಗಿನ ದೂರವನ್ನು 1 ಜಿ.ಯಲ್ಲಿ ಕ್ರಮಿಸಲು, ಎರಡೂ ಹತ್ತಿರವಿದ್ದಾಗಲೂ ಆರು ದಿನ ಹಿಡಿಯುತ್ತದೆ.

ನಿಲ್ದಾಣವೇ ಇಲ್ಲದ ಕಡೆ, ಅಥವಾ ನಿಲ್ದಾಣದಲ್ಲಿ ನಿಮ್ಮನ್ನು ಹಿಡಿಯಲು ಯಾರೋ ಕಾಯುತ್ತಿರುವಾಗ, ಅನಿಲದೈತ್ಯಕ್ಕೆ ಹೋಗಿ. ಹೋಗುವ ಮೊದಲು ಅದರ ಗುರುತ್ವ ಎಷ್ಟೆಂದು ರೆಫರಿಯನ್ನು ಕೇಳಿ. ಯುರೇನಸ್‌ನಂಥದ್ದಾದರೆ ಮೋಡದ ಮಟ್ಟದಲ್ಲಿ 0.9 ಜಿ, ನಿಮ್ಮ ಎಂಜಿನ್ ಅಲ್ಲಿ ನಿಮ್ಮನ್ನು ಹೊರಬಲ್ಲದು, ಕಕ್ಷೆಯ ವೇಗವೂ ಸೆಕೆಂಡಿಗೆ 15 ಕಿ.ಮೀ. ಮಾತ್ರ. ಶನಿ ಮತ್ತು ನೆಪ್ಚೂನ್ ಒಂದು ಜಿ.ಯ ಆಸುಪಾಸಿನಲ್ಲಿವೆ, ಅಲ್ಲಿ ವೇಗ ಬಿಟ್ಟುಕೊಡದಿದ್ದರೆ ಸರಿ. ಗುರುವಿನಂಥದ್ದು 1 ಜಿ ನೌಕೆಗೆ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಳುವ ಭಯದ ಜೊತೆಗೆ ಅಲ್ಲಿ ವಿಕಿರಣದ ಕಾಟವೂ ಇದೆ. 2016ರಲ್ಲಿ ಗುರುವನ್ನು ಸೇರಿದ ಜೂನೋ ನೌಕೆಯ ಎಲೆಕ್ಟ್ರಾನಿಕ್ಸನ್ನು ಟೈಟೇನಿಯಂ ಪೆಟ್ಟಿಗೆಯೊಳಗೆ ಇಡಬೇಕಾಯಿತು.

ಸಾಗರವಿರುವ ಗ್ರಹ ಸಿಕ್ಕಿದರೆ ನೀರನ್ನೇ ಎತ್ತಿಕೊಳ್ಳಿ. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಒಂಬತ್ತು ಕೆ.ಜಿ. ನೀರಿನಲ್ಲಿ ಒಂದು ಕೆ.ಜಿ. ಜಲಜನಕವಿರುತ್ತದೆ, 180 ಟನ್ ನೀರಿಗೆ ನಿಮ್ಮ ಒಂದು ಜಂಪ್ ಆಗುತ್ತದೆ, ಸರಕು ಇಳಿಸಲು ಹೇಗೂ ಅಲ್ಲಿಗೆ ಹೋಗುತ್ತೀರಾದ್ದರಿಂದ ದಾರಿಯ ಸಮಯ ವ್ಯರ್ಥವಾಗುವುದಿಲ್ಲ. ಕಾರವಾರದ ಗೆಳೆಯ ಇದನ್ನು ಈಗಲೂ ಎತ್ತಿ ಆಡುತ್ತಾನೆ, ಆಡುವ ಹಕ್ಕು ಅವನಿಗಿದೆ.

ದಾಳದ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ. ಪರಿಚಿತ ಸಣ್ಣ ದೈತ್ಯದಲ್ಲಿ, ಬೆನ್ನಟ್ಟುವವರಿಲ್ಲದೆ, ಸಮಯದ ಒತ್ತಡವಿಲ್ಲದೆ ಇಂಧನ ತುಂಬುವಾಗ ಪ್ರತಿ ಸಲ ದಾಳ ಹಾಕಿಸುವುದು ಆಟವನ್ನು ಕೊಲ್ಲುತ್ತದೆ. ಎರಡು ದಿನ ಕಳೆಯಿತೆಂದು ಬರೆದುಕೊಂಡು ಮುಂದೆ ಹೋಗಬೇಕು. ಬದಲಿಗೆ ಕಚ್ಚಾ ಇಂಧನದಲ್ಲೇ ಜಂಪ್ ಮಾಡುವಾಗ ಹಾಕಿಸುವ ದಾಳವನ್ನು ರೆಫರಿ ಎಂದೂ ಬಿಡಬಾರದು, ಏಕೆಂದರೆ ದಾರಿ ತಪ್ಪಿ ಎಲ್ಲೋ ಹೊರಬೀಳುವ ಅಪಾಯ ಇರುವುದು ಅಲ್ಲಿ. ನೀವು ಆಡುತ್ತಿರುವುದು ಮಾಂಗೂಸ್ ಪ್ರಕಾಶನದ ಹೊಸ ಆವೃತ್ತಿಯಾದರೆ ಒಂದು ಟನ್ನಿನ ಶುದ್ಧೀಕರಣ ಯಂತ್ರ ದಿನಕ್ಕೆ 20 ಟನ್ ಇಂಧನವನ್ನು ಶುದ್ಧ ಮಾಡಿಕೊಡುತ್ತದೆ. ಅನಿಲದೈತ್ಯದಿಂದ ನೂರು ವ್ಯಾಸದ ಗೆರೆಯವರೆಗೆ ಹೊರಬರುವ ಹೊತ್ತಿನಲ್ಲೇ ನಿಮ್ಮ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಸರಕಿನ ಕೋಣೆಯಲ್ಲಿ ಒಂದು ಟನ್ ಜಾಗ ಬಿಟ್ಟುಕೊಟ್ಟು ಮೊದಲು ಅದನ್ನು ಹಾಕಿಸಿಕೊಳ್ಳಿ.