ಸಂವಿಧಾನ ಬರೆದೋರು ಯಾರು? ಶಿರಸಿಯ ಓದುಗರಿಗೆ ಉತ್ತರ

ನಿಮ್ಮ ಪತ್ರ ಎರಡು ಸಲ ಓದಿದೆ ಸರ್. ಮಗಳ ಶಾಲೇಲಿ ಸಂವಿಧಾನ ಬರೆದವರು ಅಂಬೇಡ್ಕರ್ ಅಂತ ಹೇಳಿಕೊಡ್ತಾರೆ, ವಾಟ್ಸಾಪಲ್ಲಿ ಮಾತ್ರ ಬರೆದದ್ದು ನಮ್ಮ ಮಂಗಳೂರಿನ ಬಿ.ಎನ್. ರಾವ್, ಹೆಸರು ಇನ್ನೊಬ್ಬರಿಗೆ ಹೋಯ್ತು ಅಂತ ಬರ್ತಿದೆ, ಯಾವುದು ನಿಜ ಅಂತ ಕೇಳಿದ್ದೀರಿ.

ಬೆನೆಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರು, ಸದಸ್ಯರಲ್ಲ, ಅವರಿಗೆ ವೋಟೂ ಇರ್ಲಿಲ್ಲ. 1947ರ ಅಕ್ಟೋಬರ್‌ನಲ್ಲಿ 243 ವಿಧಿ, 13 ಶೆಡ್ಯೂಲ್ ಇದ್ದ ಮೊದಲ ಕರಡು ಕೊಟ್ಟವರು ಅವರೇ, ಇದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೂ ಅವರೊಬ್ಬರೇ ಕೂತು ಯೋಚಿಸಿ ಬರೆದದ್ದಲ್ಲ, ಅದಕ್ಕೂ ಮುಂಚೆ ಮೂಲಭೂತ ಹಕ್ಕು, ಕೇಂದ್ರದ ಅಧಿಕಾರ, ಪ್ರಾಂತಗಳು ಅಂತ ಬೇರೆ ಬೇರೆ ಕಮಿಟಿಗಳು ಕೂತು ಜಗಳ ಆಡಿ ತೀರ್ಮಾನ ಮಾಡಿದ್ದವು, ಅದನ್ನೆಲ್ಲ ಕಾನೂನಿನ ಭಾಷೆಗೆ ಇಳಿಸಿದ್ದು ರಾಯರು.

ಆಮೇಲಿನ ಕಥೆ ಯಾರೂ ಫಾರ್ವರ್ಡ್ ಮಾಡಲ್ಲ. ರಾಯರ ಕರಡನ್ನ ಪರಿಶೀಲಿಸಿ ತಿದ್ದೋಕೆ ಅಂಬೇಡ್ಕರ್ ಅಧ್ಯಕ್ಷರಾಗಿದ್ದ ಕರಡು ಸಮಿತೀಲಿ ಏಳು ಜನ. 1948ರ ನವೆಂಬರ್ 5ಕ್ಕೆ ಸಂವಿಧಾನ ಸಭೆಯ ಸದಸ್ಯ ಟಿ.ಟಿ. ಕೃಷ್ಣಮಾಚಾರಿ ಸಭೇಲಿ ಎದ್ದು ನಿಂತು ಹೇಳ್ತಾರೆ, ಏಳರಲ್ಲಿ ಒಬ್ಬರು ರಾಜೀನಾಮೆ ಕೊಟ್ರು, ಒಬ್ಬರು ತೀರ್ಕೊಂಡ್ರು, ಒಬ್ಬರು ಅಮೆರಿಕಾದಲ್ಲಿ, ಇನ್ನೊಬ್ಬರು ಸರ್ಕಾರದ ಕೆಲಸದಲ್ಲಿ ಮುಳುಗಿದ್ರು, ಒಂದಿಬ್ಬರು ದೆಹಲಿಯಿಂದ ದೂರ, ಕೊನೆಗೆ ಭಾರ ಎಲ್ಲ ಬಿದ್ದದ್ದು ಅಂಬೇಡ್ಕರ್ ಮೇಲೆ ಅಂತ. ಈ ಮಾತು ಓದಿದಾಗೆಲ್ಲ ನನಗೆ ಕರುಳು ಚುರುಕ್ ಅನ್ನುತ್ತೆ. ಮುಂದೆ ಒಂದು ವರ್ಷ ಸುಮಾರು 7635 ತಿದ್ದುಪಡಿ ಬಂದ್ವು, ಅದರಲ್ಲಿ 2473 ಸಭೆಯ ಮುಂದೆ ಮಂಡನೆ ಆದ್ವು, ಸಭೇಲಿ ನಿಂತು ಇದು ಯಾಕೆ ಬೇಕು ಇದು ಯಾಕೆ ಬೇಡ ಅಂತ ಉತ್ತರ ಹೇಳೋ ಹೊಣೆ ಹೆಚ್ಚಾಗಿ ಅವರದ್ದೇ ಆಯ್ತು. 243 ವಿಧಿ ಮೊದಲು 315 ಆಯ್ತು, ಕೊನೆಗೆ 395ಕ್ಕೆ ನಿಂತಿತು. ಕಾಗದದ ಮೇಲೆ ಕರಡು ಬರೆಯೋದು ಒಂದು ಕೆಲಸ, ನೂರಾರು ಜನರ ಎದುರು ಅದನ್ನ ಪದ ಪದವಾಗಿ ದಾಟಿಸೋದು ಇನ್ನೊಂದು.

ನಮ್ಮವರ ಪಾಲು ಹುಡುಕ್ತೀರಾದ್ರೆ ರಾಯರಲ್ಲಿಗೇ ನಿಲ್ಲಬೇಡಿ. ಕರಡು ಸಮಿತೀಲಿ ಆ ರಾಜೀನಾಮೆ ಆದ ಜಾಗಕ್ಕೆ ಬಂದ ಎನ್. ಮಾಧವ ರಾವ್ ಮೈಸೂರಿನ ದಿವಾನರಾಗಿದ್ದವರು. ಮೈಸೂರಿಂದ ಹೋದ ಕೆಂಗಲ್ ಹನುಮಂತಯ್ಯನವರಂತೂ ನಮಗೆ ವೀಣೆಯೋ ಸಿತಾರೋ ಬೇಕಿತ್ತು, ಈ ಸಂವಿಧಾನದಲ್ಲಿ ಇಂಗ್ಲಿಷ್ ಬ್ಯಾಂಡ್ ಕೇಳಿಸ್ತಿದೆ ಅಂತ ಸಭೇಲೇ ಅಂದುಬಿಟ್ರು. ಅವರ ಮಾತು ನಾನು ಪೂರ್ತಿ ಒಪ್ಪಲ್ಲ, ಆದ್ರೆ ಹಾಗೆ ಮುಖಕ್ಕೆ ಹೇಳೋಕೆ ಜಾಗ ಇತ್ತಲ್ಲ, ಅದು ದೊಡ್ಡದು.

ಇನ್ನು ಹೆಸರು ಕದ್ದ ಮಾತು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರೇ, ನನಗೆ ಕೊಡ್ತಿರೋ ಶ್ರೇಯಸ್ಸು ನಿಜವಾಗಿ ನನ್ನದಲ್ಲ, ಒಂದು ಪಾಲು ಮೊದಲ ಕರಡು ಮಾಡಿಕೊಟ್ಟ ಬಿ.ಎನ್. ರಾಯರದ್ದು ಅಂತ ಅಂದ್ರು. ಇನ್ನೂ ದೊಡ್ಡ ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರದ್ದು ಅಂದ್ರು. ಹೀಗೆ ಎಲ್ಲರೆದುರೂ ಹಂಚಿಕೊಟ್ಟವರ ಮೇಲೆ ಕಳ್ಳತನ ಹೊರಿಸೋದು ನನಗಂತೂ ಸಹಿಸೋಕಾಗಲ್ಲ.

ಮಗಳು ಶಾಲೇಲಿ ಅಂಬೇಡ್ಕರ್ ಅಂತಲೇ ಬರೀಲಿ, ಕೆಳಗೆ ರಾಯರ ಹೆಸರೂ ಬರೀಲಿ, ಮುಖರ್ಜಿಯವರ ಹೆಸರನ್ನಂತೂ ಬಿಡದೆ ಬರೀಲಿ, ಅವರನ್ನ ಯಾರೂ ನೆನೆಸಿಕೊಳ್ತಿಲ್ಲ.